ಕೊನೆಯ ಸೈಕಲ್ಲಿನಿಂದ ಕಂಡ ದಿನ

(ಗುಂಪಿನೊಂದಿಗೆ ದೂರದ ಸೈಕಲ್ ಪ್ರವಾಸಕ್ಕೆ ಮೊದಲ ಸಲ ಹೊರಡುವವರಿಗಾಗಿ ಹುಬ್ಬಳ್ಳಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತನಾಡಿದವರು ಸೈಕಲ್ಲಿನ ಆಯ್ಕೆ, ಹೆಲ್ಮೆಟ್, ವ್ಯಾಯಾಮ ಎಲ್ಲವನ್ನೂ ಹೇಳಿ ಮುಗಿಸಿದ್ದಾರೆ. ಕೊನೆಯ ಪಾಳಿ ನನಗೆ ಬಂದಿದೆ. ಅದರಲ್ಲಿ ನನಗೇನೂ ಬೇಸರವಿಲ್ಲ, ಪ್ರವಾಸದಲ್ಲೂ ನನ್ನ ಜಾಗ ಅದೇ. ಕೈಲಾಗದೆ ಹಿಂದೆ ಬೀಳುವವನು ನಾನಲ್ಲ, ಹಿಂದೆ ಇರಲೆಂದೇ ನೇಮಕವಾದವನು. ಗುಂಪಿನಲ್ಲಿ ಯಾರನ್ನೂ ನಾನು ದಾಟುವಂತಿಲ್ಲ. ನನ್ನ ಹಿಂದೆ ಸಾಮಾನು ಹೊತ್ತ ವ್ಯಾನ್ ಬಿಟ್ಟರೆ ಮತ್ತಾರೂ ಉಳಿಯುವಂತಿಲ್ಲ. ಕೆಲಸ ಇಷ್ಟೇ. ಆದರೆ ಅಲ್ಲಿಂದ ನೋಡಿದಾಗ ದಿನ ಬೇರೆಯೇ ಕಾಣುತ್ತದೆ. ಅದನ್ನೇ ಹೇಳಲು ಬಂದಿದ್ದೇನೆ.

ಒಂದು ದಿನವನ್ನು ಎತ್ತಿಕೊಳ್ಳೋಣ. ಧಾರವಾಡದಿಂದ ಹೊರಟ ಗುಂಪು ಗದಗದಲ್ಲಿ ರಾತ್ರಿ ಕಳೆದಿದೆ. ಈಗ ಲಕ್ಷ್ಮೇಶ್ವರ, ಸವಣೂರು ಹಾದು ಹಾವೇರಿ ಸೇರಬೇಕು. ದೂರ ನೂರು ಕಿಲೋಮೀಟರಿನ ಆಸುಪಾಸು. ಅಭ್ಯಾಸವಿರುವ ಸಾಮಾನ್ಯ ಸವಾರರು ಗಂಟೆಗೆ 18 ಕಿಲೋಮೀಟರ್ ತುಳಿಯುತ್ತಾರೆ ಎಂದುಕೊಳ್ಳಿ. ಐದೂವರೆ ಗಂಟೆಯ ದಾರಿ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನದ ಹನ್ನೆರಡಕ್ಕೆ ಹಾವೇರಿಯ ಖಾನಾವಳಿಯಲ್ಲಿ ಕೈ ತೊಳೆದು ಕುಳಿತಿರಬೇಕು. ಆದರೆ ಗುಂಪು ತಲುಪುವುದು ಸಂಜೆ ಐದಕ್ಕೆ. ನಡುವಿನ ಐದು ಗಂಟೆ ಎಲ್ಲಿ ಹೋದವು? ನನ್ನ ಮಾತೆಲ್ಲ ಆ ಐದು ಗಂಟೆಗಳ ಬಗ್ಗೆ. ಹೊಸಬರು ವೇಗ ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ. ಗಂಟೆಗೆ ಎರಡು ಕಿಲೋಮೀಟರ್ ಹೆಚ್ಚಾದರೆ ಇಡೀ ದಿನಕ್ಕೆ ಅರ್ಧ ಗಂಟೆ ಉಳಿದೀತು. ಆ ಅರ್ಧ ಗಂಟೆಯನ್ನು ಗುಂಪು ಒಂದೇ ಚಹಾ ಅಂಗಡಿಯ ಮುಂದೆ ಕಳೆದುಬಿಡುತ್ತದೆ.

ಇಲ್ಲಿ ಕೆಲವರು ಬ್ರೆವೆ, ಅಂದರೆ ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸುವವರಿದ್ದೀರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 600ಕ್ಕೆ ನಲವತ್ತು. ಊಟ, ನಿದ್ದೆ, ಪಂಕ್ಚರ್ ಎಲ್ಲವೂ ಅದರೊಳಗೇ. ಅಲ್ಲಿ ಗಡಿಯಾರ ನಿಮ್ಮೊಬ್ಬರದು, ಮುಂದೆ ಹೋಗುವುದು, ಹಿಂದೆ ಉಳಿಯುವುದು ನಿಮ್ಮಿಷ್ಟ. ಗುಂಪಿನ ಪ್ರವಾಸದಲ್ಲಿ ಗಡಿಯಾರ ಎಲ್ಲರದು, ಮತ್ತು ಅದನ್ನು ತಿರುಗಿಸುವವನು ಕೊನೆಯ ಸವಾರ. ಮುಂದಿನವನು ಹನ್ನೊಂದಕ್ಕೆ ಲಕ್ಷ್ಮೇಶ್ವರ ಮುಟ್ಟಿದರೆ ಗುಂಪು ಮುಟ್ಟಿದಂತಲ್ಲ. ಇದನ್ನು ಒಪ್ಪಿಕೊಳ್ಳಲು ಗಟ್ಟಿ ಕಾಲಿನ ಹುಡುಗರಿಗೆ ಎರಡು ದಿನ ಬೇಕಾಗುತ್ತದೆ. ಕೆಲವರು ಪ್ರವಾಸ ಮುಗಿದರೂ ಒಪ್ಪುವುದಿಲ್ಲ.

ಮೊದಲು ಗಾಳಿಯ ವಿಷಯ. ಈ ದಾರಿಯನ್ನು ಡಿಸೆಂಬರಿನಲ್ಲಿ ಗದಗದಿಂದ ಹಾವೇರಿಯ ಕಡೆಗೆ ತುಳಿಯಬೇಕು. ಆಗ ಮೂಡಗಾಳಿ, ಬೀಸಿದರೂ ಮೆಲ್ಲಗೆ, ಬಹುಪಾಲು ಬೆನ್ನಿಗೆ. ಜುಲೈನಲ್ಲಿ ಹೊರಡುವವರಿದ್ದರೆ ಹಾವೇರಿಯಿಂದ ಗದಗಕ್ಕೆ ಬನ್ನಿ. ಮುಂಗಾರಿನ ಪಡುಗಾಳಿಯನ್ನು ಎದೆಯ ಮೇಲೆ ತೆಗೆದುಕೊಂಡು ಈ ಬಯಲಿನಲ್ಲಿ ಸಾಗುವ ಹುಚ್ಚು ಯಾರಿಗೂ ಬೇಡ. ಗದಗ ಬಿಟ್ಟು ದಕ್ಷಿಣಕ್ಕೆ ಇಳಿಯುವಾಗ ಎಡಕ್ಕೆ ಕಪ್ಪತಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರಗಳು. ಅವುಗಳನ್ನು ಅಲ್ಲಿ ಸುಮ್ಮನೆ ನೆಟ್ಟಿಲ್ಲ.

ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು, ಅದನ್ನು ಮೀರಲು ಕಾಲು ಹಾಕಬೇಕಾದ ಶಕ್ತಿ ಎಂಟು ಪಟ್ಟು. ಇನ್ನೊಬ್ಬರ ಚಕ್ರದ ಹಿಂದೆ ಹತ್ತಿರದಲ್ಲಿ ಸಾಗಿದರೆ ಈ ಪ್ರತಿರೋಧ ಹೆಚ್ಚುಕಡಿಮೆ ಮೂರನೇ ಒಂದರಷ್ಟು ತಗ್ಗುತ್ತದೆ. ಸ್ಪರ್ಧೆಯ ಸವಾರರಿಗೆ ಇದು ಬಾಲಪಾಠ. ಗದಗ, ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲುಗಳಲ್ಲಿ ಬೆಳೆದ ಹುಡುಗ ಹುಡುಗಿಯರು ಬೆಳಗಿನ ಜಾವ ಒಬ್ಬರ ಹಿಂದೊಬ್ಬರು ಸಾಗುವುದನ್ನು ನೋಡಿ, ನಡುವಿನ ಅಂತರ ಒಂದೇ ಸಮ. ನಮ್ಮ ಪ್ರವಾಸದ ಗುಂಪಿನಲ್ಲಿ ಆಗುವುದು ತದ್ವಿರುದ್ಧ. ಬಲಿಷ್ಠರು ನಾಲ್ವರು ಸೇರಿ ಒಬ್ಬರಿಗೊಬ್ಬರು ಗಾಳಿ ತಡೆದುಕೊಂಡು ಹಾಯಾಗಿ ಹೋಗಿಬಿಡುತ್ತಾರೆ. ಎಲ್ಲರಿಗಿಂತ ಕಡಿಮೆ ಶಕ್ತಿಯ ಹೆಂಗಸೋ ವಯಸ್ಸಾದವರೋ ಒಂಟಿಯಾಗಿ ಉಳಿದು ಇಡೀ ಬಯಲಿನ ಗಾಳಿಯನ್ನು ತಾವೊಬ್ಬರೇ ಸೀಳುತ್ತಾರೆ. ಹಂಪ್‌ಗಳು ಬಂದಾಗ ಇನ್ನೊಂದು ಅನ್ಯಾಯ. ಮುಂದಿನವನು ಹಂಪ್ ದಾಟಿ ವೇಗ ಹಿಡಿಯುವ ಹೊತ್ತಿಗೆ ಕೊನೆಯವರು ಇನ್ನೂ ಬ್ರೇಕ್ ಒತ್ತುತ್ತಿರುತ್ತಾರೆ. ಊರಿಂದೂರಿಗೆ ಆ ಅಂತರವನ್ನು ಓಡಿ ತುಂಬಬೇಕಾದವರು ಅವರೇ. ದಿನಕ್ಕೆ ಇಂಥ ಹಂಪ್ ಎಷ್ಟು ಬರುತ್ತವೆ ಎಂದು ನಮ್ಮ ಊರುಗಳ ರಸ್ತೆ ಬಲ್ಲ ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಗುಂಪಿನಲ್ಲಿ ಗಟ್ಟಿಗರಿದ್ದರೆ ಇಬ್ಬರನ್ನಾದರೂ ಹಿಂದೆ ಕಳುಹಿಸಿ ಎಂದು ಸಂಘಟಕರನ್ನು ಕೇಳುತ್ತೇನೆ. ಅವರು ಸುಸ್ತಾದವರ ಮುಂದೆ ನಿಂತು ಗಾಳಿ ತಡೆಯಲಿ. ಒಪ್ಪುವವರು ಕಡಿಮೆ. ಒಪ್ಪಿದವರನ್ನು ಮುಂದಿನ ಪ್ರವಾಸಕ್ಕೂ ಬಿಡದೆ ಕರೆಯುತ್ತೇನೆ.

ಇನ್ನು ಬೆಳಗು. ಹೊರಡುವ ಹೊತ್ತಿಗೆ ಒಬ್ಬರದಾದರೂ ಟೈರ್ ರಾತ್ರಿಯಲ್ಲಿ ಕುಳಿತಿರುತ್ತದೆ. ಇದು ಜಾಲಿಮುಳ್ಳಿನ ಸೀಮೆ. ಹಿಂದಿನ ದಿನ ಹೊಕ್ಕ ಮುಳ್ಳು ರಂಧ್ರವನ್ನು ತಾನೇ ಮುಚ್ಚಿಕೊಂಡು ಕುಳಿತು, ಇಡೀ ರಾತ್ರಿ ಗಾಳಿಯನ್ನು ಸೋರಿಸುತ್ತದೆ. ಹೊಸಬರು ಟ್ಯೂಬ್ ಬದಲಿಸಿ ಹೊರಟೇಬಿಡುತ್ತಾರೆ, ಮುಳ್ಳು ಟೈರಿನಲ್ಲೇ ಉಳಿದಿರುತ್ತದೆ. ನಾಲ್ಕು ಕಿಲೋಮೀಟರಿಗೆ ಹೊಸ ಟ್ಯೂಬೂ ಹೋಯಿತು. ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ, ಮೊನೆ ಚುಚ್ಚಿದ ಕಡೆ ಹೊರಗಿನಿಂದ ಕಿತ್ತು, ಮತ್ತೊಮ್ಮೆ ಸವರಿ ನೋಡಿಯೇ ಟ್ಯೂಬ್ ಕೂರಿಸಬೇಕು. ಎರಡು ನಿಮಿಷದ ಕೆಲಸ.

ಮಾಗಡಿ ಕೆರೆಯ ಹತ್ತಿರ ಗುಂಪು ನಿಲ್ಲುತ್ತದೆ, ನಿಲ್ಲಲೇಬೇಕು. ಗದಗದಿಂದ 26 ಕಿಲೋಮೀಟರ್ ಆಗಿರುತ್ತದೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು, ಬೆಳಿಗ್ಗೆ ಕೆರೆಗೆ ಮರಳುತ್ತವೆ. ಈ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ, ಪಟ್ಟಿಗೆ ಸೇರಿತು. ಹಕ್ಕಿಗಳ ಸಾಲನ್ನು ತೋರಿಸಿ ಗುಂಪಿನ ಶಿಸ್ತಿನ ಬಗ್ಗೆ ಭಾಷಣ ಮಾಡುವವರು ಪ್ರತಿ ಸಲವೂ ಒಬ್ಬರಿರುತ್ತಾರೆ. ನಾನು ಆ ಹೊತ್ತಿನಲ್ಲಿ ಚೈನುಗಳಿಗೆ ಎಣ್ಣೆ ಬಿಡುತ್ತೇನೆ. ಏರಿಯ ಮೇಲೆ ಕಿರುಚಬೇಡಿ, ಸ್ಪೀಕರ್ ಹಾಕಬೇಡಿ, ನೋಡಿ ಬನ್ನಿ. ಅಷ್ಟೇ.

ಅಲ್ಲಿಂದ ಮುಂದೆ ರಸ್ತೆಯ ಮೇಲೆ ರಾಶಿ ಸಿಗುತ್ತದೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಊರಾಚೆಯಿಂದ ಬರುವ ಸವಾರರಿಗೆ ಇದು ಹೊಸದು. ಹಿಂದೆ ಪ್ರತಿ ಊರಿಗೂ ಕಣವಿತ್ತು, ಎತ್ತುಗಳು ರೋಣಗಲ್ಲು ಎಳೆದು ಕಾಳು ಬಿಡಿಸುತ್ತಿದ್ದವು. ಈಗ ಎತ್ತುಗಳು ಕಡಿಮೆ, ಕಣ ಮಾಡುವ ಕೈಗಳೂ ಕಡಿಮೆ. ಡಾಂಬರು ರಸ್ತೆ ಸಾರಿಸುವ ಕೆಲಸವಿಲ್ಲದ ಕಣ. ಹುರುಳಿ, ಸಜ್ಜೆಯನ್ನು ಹರಡಿ, ಎರಡೂ ತುದಿಗೆ ಕಲ್ಲಿಟ್ಟುಬಿಟ್ಟರೆ ಬಸ್ಸು, ಲಾರಿಗಳೇ ತುಳಿದುಕೊಡುತ್ತವೆ. ನಾಲ್ಕು ಚಕ್ರದವರಿಗೆ ಇದು ಒಂದು ಸದ್ದು ಮಾತ್ರ. ಸೈಕಲ್ಲಿಗೆ ಹಾಗಲ್ಲ. ಒಣ ಹುರುಳಿ ಬಳ್ಳಿ ಹಿಂದಿನ ಚಕ್ರದ ಪಕ್ಕದಲ್ಲಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಇದೆಯಲ್ಲ, ಅದರ ಎರಡು ಪುಟ್ಟ ಹಲ್ಲುಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ಮೊದಲು ಕರಕರ ಸದ್ದು. ಆಮೇಲೆ ಪೆಡಲ್ ಬಿಗಿಯಾಗುತ್ತದೆ. ಇಲ್ಲಿ ನಿಲ್ಲಬೇಕು. ನಿಲ್ಲದೆ ಬಲವಾಗಿ ತುಳಿದರೆ ಡಿರೇಲರ್ ತಿರುಚಿ ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ, ಅದನ್ನು ಚೌಕಟ್ಟಿಗೆ ಕಟ್ಟಿರುವ ಬೆರಳಗಲದ ಅಲ್ಯೂಮಿನಿಯಂ ತುಂಡು ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಚೌಕಟ್ಟು ಉಳಿಯಲೆಂದು ಆ ತುಂಡನ್ನು ಮೆದುವಾಗಿಯೇ ಮಾಡಿರುತ್ತಾರೆ. ಆದರೆ ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಲಕ್ಷ್ಮೇಶ್ವರದಲ್ಲೂ ಸಿಗುವುದಿಲ್ಲ, ಹುಬ್ಬಳ್ಳಿಯಲ್ಲೇ ಹುಡುಕಾಡಬೇಕು. ನಿಮ್ಮ ಸೈಕಲ್ಲಿನದನ್ನು ನೀವೇ ಒಂದು ಚೀಲದಲ್ಲಿಟ್ಟುಕೊಳ್ಳಿ.

ರಾಶಿ ಕಂಡ ಕೂಡಲೇ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಮುಂದಿನವರು ಕೈ ಎತ್ತಿ ‘ರಾಶಿ’ ಎಂದು ಕೂಗಬೇಕು, ಗುಂಡಿಗೆ ಕೂಗುವ ಹಾಗೆಯೇ. ಒಮ್ಮೆ ಬಳ್ಳಿ ಸುತ್ತಿಕೊಂಡ ಸೈಕಲ್ಲನ್ನು ಮಗುಚಿಟ್ಟು ನಾನು ಒಂದೊಂದೇ ಎಳೆ ಬಿಡಿಸುತ್ತಿದ್ದಾಗ, ರಾಶಿಯ ಒಡತಿಯೇ ಕಸಬರಿಗೆ ಬದಿಗಿಟ್ಟು ಬಂದು ಕುಳಿತು ಕುಡುಗೋಲಿನ ತುದಿಯಿಂದ ಚಕಚಕನೆ ಕೊಯ್ದು ಕೊಟ್ಟಳು. ‘ಇಷ್ಟು ಸಣ್ಣ ಗಾಲಿ ಯಾಕೆ ಇಟ್ಟುಕೊಂಡಿರಿ ತಮ್ಮಾ, ಹುರುಳಿಯನ್ನೂ ತಡೆಯುವುದಿಲ್ಲ’ ಎಂದಳು. ಡಿರೇಲರಿನ ಬಗ್ಗೆ ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಗುಂಪು ಲಕ್ಷ್ಮೇಶ್ವರದಲ್ಲಿ ಸೇರಬೇಕು ಎಂದಾಗಿರುತ್ತದೆ. ಮುಂದಿನವರು ಅರ್ಧ ಗಂಟೆ ಮೊದಲೇ ಬಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಸೋಮೇಶ್ವರ ಗುಡಿ ನೋಡಿ, ನಂದಿಯ ಮೇಲೆ ಕುಳಿತ ಶಿವಪಾರ್ವತಿಯರಿಗೆ ಕೈಮುಗಿದು, ಮೈ ತಣ್ಣಗಾಗಿ ಚಡಪಡಿಸುತ್ತಿರುತ್ತಾರೆ. ಕೊನೆಯ ಸವಾರೆ ಬಂದು ಒಂದು ಕಾಲು ನೆಲಕ್ಕೆ ಊರುತ್ತಾಳೆ. ‘ಎಲ್ಲರೂ ಬಂದಾಯಿತಲ್ಲ, ನಡೆಯಿರಿ’ ಎಂದು ಮುಂದಿನವನು ಹೆಲ್ಮೆಟ್ ಹಾಕುತ್ತಾನೆ. ಯಾರಿಗೆ ವಿಶ್ರಾಂತಿ ಬೇಡವೋ ಅವರಿಗೆ ನಲವತ್ತು ನಿಮಿಷ, ಯಾರಿಗೆ ಬೇಕೋ ಅವರಿಗೆ ನಾಲ್ಕು ನಿಮಿಷ. ಅವಳು ಸಂಕೋಚಕ್ಕೆ ಏನೂ ತಿನ್ನದೆ ಹೊರಡುತ್ತಾಳೆ. ಮುಂದಿನ ನಿಲ್ದಾಣಕ್ಕೆ ಅಂತರ ಇನ್ನೂ ಹೆಚ್ಚುತ್ತದೆ. ಮೂರನೆಯದಕ್ಕೆ ಅವಳು ವ್ಯಾನಿನಲ್ಲಿರುತ್ತಾಳೆ. ಆಗ ಎಲ್ಲರೂ ‘ಪಾಪ, ಅಭ್ಯಾಸ ಸಾಲದು’ ಎನ್ನುತ್ತಾರೆ. ಅಭ್ಯಾಸ ಸಾಕಷ್ಟಿತ್ತು, ಹದಿನೈದು ನಿಮಿಷ ಸಾಲಲಿಲ್ಲ.

ನನ್ನ ಜೊತೆ ಹೊರಡುವ ಗುಂಪಿಗೆ ಮೊದಲ ದಿನವೇ ಒಂದು ಕಟ್ಟಳೆ ಹೇಳುತ್ತೇನೆ: ನಿಲ್ದಾಣದ ಹೊತ್ತು ಶುರುವಾಗುವುದು ಕೊನೆಯ ಸೈಕಲ್ ಸ್ಟ್ಯಾಂಡ್ ಹಾಕಿದ ಮೇಲೆ. ಅಲ್ಲಿಂದ ಹದಿನೈದು ನಿಮಿಷ. ಮೊದಲು ಬಂದವರಿಗೆ ಬೇಸರವಾದರೆ ಗುಡಿಯಲ್ಲಿ ಇನ್ನೊಂದು ಸುತ್ತು ಹಾಕಲಿ, ಪಂಪ ಹೊಗಳಿದ ಪುಲಿಗೆರೆ ಇದೇ ಊರು, ನೋಡಲು ಬೇಕಾದಷ್ಟಿದೆ. ಹೀಗೆ ಮಾಡಿದರೆ ದಿನ ಉದ್ದವಾಗುವುದಿಲ್ಲವೇ ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಚಿಕ್ಕದಾಗುತ್ತದೆ. ಉಂಡು ನೀರು ಕುಡಿದು ಹೊರಟ ಕೊನೆಯವರು ಮುಂದಿನ ಇಪ್ಪತ್ತು ಕಿಲೋಮೀಟರಿನಲ್ಲಿ ಹಿಂದೆ ಬೀಳುವುದು ಕಡಿಮೆ.

ಹಿಂದಿನಿಂದ ನಾನು ಏನು ನೋಡುತ್ತೇನೆ? ಮೊದಲು ನೀರಿನ ಬಾಟಲಿ. ಗಂಟೆಗೊಂದು ಸಲವೂ ಕೈ ಬಾಟಲಿಗೆ ಹೋಗದಿದ್ದರೆ ಏನೋ ಸರಿಯಿಲ್ಲ. ಆಮೇಲೆ ಸೊಂಟ: ಸುಸ್ತಾದವರು ಸೀಟಿನ ಮೇಲೆ ಎಡಕ್ಕೂ ಬಲಕ್ಕೂ ತೂಗತೊಡಗುತ್ತಾರೆ. ಕೊನೆಗೆ ಮಾತು. ಬೆಳಗಿನಿಂದ ಹರಟುತ್ತಿದ್ದವರು ಮೌನವಾದರೆ ಹೊಟ್ಟೆ ಖಾಲಿಯಾಗಿದೆ ಎಂದರ್ಥ. ನಮ್ಮ ಸ್ನಾಯು, ಯಕೃತ್ತುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 400ರಿಂದ 500 ಗ್ರಾಂ. ನೂರು ಕಿಲೋಮೀಟರಿಗೆ ಅದೊಂದನ್ನೇ ನಂಬಿಕೊಂಡರೆ ಆಗುವುದಿಲ್ಲ. ಮುಗಿಯುತ್ತ ಬಂದಾಗ ಕಾಲು ನೋಯುವುದಿಲ್ಲ, ಲೋಕವೇ ಬೇಡವಾಗುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಹಾಗಾದವರ ಜೊತೆ ನಾನು ವಾದಿಸುವುದಿಲ್ಲ. ಬೆಲ್ಲ, ಶೇಂಗಾ ಕೈಗೆ ಕೊಡುತ್ತೇನೆ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿದ್ದು ಒಂದು ಬಾಟಲಿ ಸದಾ ನನ್ನ ಹತ್ತಿರ ಇರುತ್ತದೆ. ‘ಇನ್ನೇನು ಬಂದೇಬಿಟ್ಟಿತು’ ಎಂದು ಸುಳ್ಳು ಹೇಳುವುದಿಲ್ಲ. ಆ ಕೆಲಸಕ್ಕೆ ದಾರಿಯ ಜನ ಇದ್ದಾರೆ. ಅವರನ್ನು ಕೇಳಿದರೆ ಸವಣೂರು ಯಾವಾಗಲೂ ಇಲ್ಲೇ ಎರಡು ಕಿಲೋಮೀಟರ್.

ನೀರು ಕುಡಿಯದಿರುವುದಕ್ಕೆ ಇನ್ನೊಂದು ಕಾರಣವಿದೆ, ಗಂಡಸರು ತುಂಬಿದ ಸಂಘಟನೆಗಳಿಗೆ ಅದು ಹೊಳೆಯುವುದೇ ಇಲ್ಲ. ಹೆಣ್ಣುಮಕ್ಕಳು ಶೌಚಾಲಯ ಎಲ್ಲಿ ಸಿಗುತ್ತದೋ ಎಂಬ ಚಿಂತೆಗೆ ಬೆಳಗಿನಿಂದ ಬಾಟಲಿ ಮುಟ್ಟುವುದಿಲ್ಲ. ಎರೆಹೊಲದ ಬಯಲಿನಲ್ಲಿ ಮರೆಯಾಗಲು ಒಂದು ಪೊದೆಯೂ ಇರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಲೆ ಸುತ್ತುತ್ತದೆ. ಇದಕ್ಕೆ ಮದ್ದು ವೈದ್ಯರ ಬಳಿ ಇಲ್ಲ, ದಾರಿಯ ನಕ್ಷೆ ಹಾಕುವವರ ಬಳಿ ಇದೆ. ನಿಲ್ದಾಣಗಳನ್ನು ಭಜಿ ಅಂಗಡಿ ನೋಡಿ ಗುರುತಿಸಬೇಡಿ, ಪೆಟ್ರೋಲ್ ಬಂಕ್ ನೋಡಿ ಗುರುತಿಸಿ. ಹಿಂದಿನ ವಾರ ಒಬ್ಬರು ಬೈಕಿನಲ್ಲಿ ಹೋಗಿ ಬಾಗಿಲಿಗೆ ಚಿಲಕವಿದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ನೋಡಿ ಬರಲಿ. ಕಳೆದುಹೋದ ಐದು ಗಂಟೆಗಳಲ್ಲಿ ಒಂದು ಇಲ್ಲಿ ವಾಪಸು ಸಿಗುತ್ತದೆ.

ಎಳ್ಳಮಾವಾಸ್ಯೆಯಂದು ಮಾತ್ರ ಈ ದಾರಿಯಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ. ಅಂದು ರೈತರ ಮನೆಮಂದಿಯೆಲ್ಲ ಗಾಡಿ, ಟ್ರ್ಯಾಕ್ಟರಿನಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದಿರುತ್ತಾರೆ. ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ ಊಟಕ್ಕೆ ಕೂರುತ್ತಾರೆ. ದಾರಿಹೋಕರನ್ನು ಕರೆಯದೆ ಉಣ್ಣುವುದಿಲ್ಲ. ನಮ್ಮ ಗುಂಪಿನ ಮುಂದಿನವರು ಕೈ ಬೀಸಿ ಹೋಗಿಬಿಟ್ಟಿದ್ದರು. ನಾವು ಹಿಂದಿನ ನಾಲ್ವರನ್ನು ಒಬ್ಬ ಅಜ್ಜಿ ರಸ್ತೆಗೇ ಬಂದು ತಡೆದರು. ‘ಮುಂದೆ ಹೋದವರಿಗೆ ಹಸಿವಿಲ್ಲ ಅಂತ ಕಾಣುತ್ತದೆ, ನೀವು ಬನ್ನಿ’ ಎಂದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸೆ ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ. ಬೇಡವೆಂದರೆ ಬಡಿಸುವ ಕೈ ನಿಲ್ಲುವುದಿಲ್ಲ. ಕೊನೆಯಲ್ಲಿರುವುದಕ್ಕೆ ಸಂಬಳವೇನಾದರೂ ಇದ್ದರೆ ಅದು ಇದೇ. ಆ ಮಧ್ಯಾಹ್ನ ಸವಣೂರಿನವರೆಗೆ ನಾವು ಗಂಟೆಗೆ ಹತ್ತು ಕಿಲೋಮೀಟರಿನಂತೆ ಸಾಗಿದೆವು, ಮೊಬೈಲಿನಲ್ಲಿ ಮುಂದಿನವರ ಕರೆಗಳು ಬರುತ್ತಲೇ ಇದ್ದವು.

ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಮೂರು ಮರಗಳನ್ನು ನೋಡದೆ ಹೋಗಬೇಡಿ. ಆಫ್ರಿಕಾ ಮೂಲದ ಬಾವೊಬಾಬ್ ಮರಗಳವು, ಹತ್ತು ಜನ ಸೈಕಲ್ ಒರಗಿಸಿ ನಿಂತರೂ ಬುಡ ಇನ್ನೂ ಉಳಿಯುತ್ತದೆ. ಒರಗಿಸಬೇಡಿ, ತೊಗಟೆಗೆ ಗಾಯವಾಗುತ್ತದೆ, ಉದಾಹರಣೆಗೆ ಹೇಳಿದೆ. ಊರಿನ ಖಾರಾ ಕಟ್ಟಿಸಿಕೊಳ್ಳಿ, ಆದರೆ ತಿನ್ನುವುದು ಹಾವೇರಿಯಲ್ಲಿ.

ಅಲ್ಲಿಂದ ವರದಾ ನದಿ ದಾಟಿ ಹಾವೇರಿ. ಸಂಜೆಯ ಈ ಭಾಗದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಬಗ್ಗೆ ಎಚ್ಚರ. ಹಿಂದಿನ ಟ್ರೇಲರಿಗೆ ದೀಪವಿರುವುದು ಅಪರೂಪ. ಕತ್ತಲಾಗುವ ಮೊದಲೇ ನಿಮ್ಮ ಹಿಂದಿನ ಕೆಂಪು ದೀಪ ಹಚ್ಚಿ, ಸಾಲು ಒಂದೇ ಇರಲಿ.

ತಂಗುದಾಣದಲ್ಲೂ ಕೊನೆಯವರ ಕಥೆ ಮುಗಿಯುವುದಿಲ್ಲ. ಬಿಸಿನೀರು ಮೊದಲು ಬಂದವರಿಗೆ, ಚಾರ್ಜಿಂಗ್ ಪ್ಲಗ್ ಮೊದಲು ಬಂದವರಿಗೆ, ಕಿಟಕಿಯ ಪಕ್ಕದ ಹಾಸಿಗೆಯೂ ಅವರಿಗೇ. ಕೊನೆಗೆ ಬಂದವರು ತಣ್ಣೀರಿನಲ್ಲಿ ಮಿಂದು ಬಾಗಿಲ ಬಳಿ ಮಲಗುತ್ತಾರೆ, ಮಾರನೆಯ ದಿನ ಅವರೇ ಮತ್ತೆ ಕೊನೆಗೆ. ನಮ್ಮಲ್ಲಿ ಹಾಸಿಗೆಯ ಪಟ್ಟಿಯನ್ನು ಬೆಳಿಗ್ಗೆಯೇ ಬರೆದಿಡುತ್ತೇವೆ, ಹಿಂದಿನ ದಿನ ಕೊನೆಗೆ ಬಂದವರ ಹೆಸರು ಮೊದಲು. ಬಿಸಿನೀರಿನ ಎರಡು ಬಕೆಟ್ ಎತ್ತಿಡುವ ಹೊಣೆ ಮೊದಲು ತಲುಪಿದವನದು. ಇದನ್ನು ಜಾರಿಗೆ ತಂದ ಮೇಲೆ ಮೊದಲು ತಲುಪುವ ಆತುರವೂ ಸ್ವಲ್ಪ ಇಳಿದಿದೆ.

ಪ್ರಶ್ನೆಗಳು ಬಂದಿವೆ. ಹೊಸ ಸೈಕಲ್ ಕೊಳ್ಳಬೇಕೇ ಎಂದು ಒಬ್ಬರು ಕೇಳಿದ್ದಾರೆ. ಬೇಡ. ಇರುವುದರ ಬ್ರೇಕ್, ಚೈನ್, ಟೈರ್ ಚೆನ್ನಾಗಿದ್ದರೆ ಸಾಕು. ಹೊರಡುವ ವಾರದಲ್ಲಿ ಹೊಸ ಸೀಟಂತೂ ಹಾಕಿಸಲೇಬೇಡಿ, ಎರಡನೆಯ ದಿನ ನಿಮಗೇ ತಿಳಿಯುತ್ತದೆ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿಯಬಹುದೇ ಎಂದು ಇನ್ನೊಬ್ಬರು. ಮಸಾರಿಯ ಕೆಂಪು ನೆಲವಾದರೆ ಹೋಗಿ, ಎರೆಯ ಕಪ್ಪು ನೆಲವಾದರೆ ಬೇಡ. ಹಸಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿದರೆ ಚಕ್ರ ತಿರುಗುವುದೇ ಇಲ್ಲ, ಸೈಕಲ್ಲನ್ನು ನೀವೇ ಹೊರಬೇಕು.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಕೊನೆಯವನ ಸೈಕಲ್ಲೇ ಕೆಟ್ಟರೆ ಏನು ಗತಿ? ಒಳ್ಳೆಯ ಪ್ರಶ್ನೆ. ಅದಕ್ಕೇ ದಾರಿ ಕವಲೊಡೆಯುವ ಪ್ರತಿ ಕಡೆಯೂ ಒಬ್ಬ ಸವಾರ ನಿಂತಿರುತ್ತಾನೆ, ನನ್ನ ಮುಖ ಕಾಣುವವರೆಗೆ ಅವನು ಕದಲುವಂತಿಲ್ಲ. ಅರ್ಧ ಗಂಟೆ ಕಾದರೂ ನಾನು ಬಾರದಿದ್ದರೆ ಮುಂದಿನವರಿಗೆ ಫೋನು ಮಾಡುತ್ತಾನೆ. ಹಿಂದೆ ವ್ಯಾನ್ ಇದ್ದೇ ಇರುತ್ತದೆ. ಆದರೆ ವ್ಯಾನಿನ ಚಾಲಕರ ಫೋನ್ ನಂಬರ್ ಇದ್ದರೆ ಸಾಲದು, ಅವರು ಯಾವ ಊರಿನಲ್ಲಿ ಚಹಾಕ್ಕೆ ನಿಲ್ಲುತ್ತಾರೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.